ಎರಡೂರಿನ ಟಿ.ಸಿ.

ಜೂನ್ 12, ಬುಧವಾರ

ಈ ಮನಿ ಯಾರದು ಅಂತ ಇವತ್ತು ನನಗ ತಿಳೀತು. ನಂದಂತೂ ಅಲ್ಲ. ನಾ ಸಾಲಿಯಿಂದ ಬರೋದ್ರಾಗ ಅತ್ತಿ ಮ್ಯಾಲಿನ ಎರಡು ಖೋಲಿ ಬಾಡಿಗಿಗೆ ಕೊಟ್ಟು, ಕಟ್ಟಿ ಮ್ಯಾಲ ಕೂತು ಹೂಬತ್ತಿ ಹೊಸೀಲಿಕತ್ತಿದ್ರು. ನನಗ ಒಂದು ಮಾತು ಕೇಳಿಲ್ಲ, ಹೇಳಿಲ್ಲ.

ಬಂದವರು ಇಬ್ಬರು ಅಕ್ಕ-ತಂಗಿ. ಅಕ್ಕ ಗೋಮತಿ, ಊರಾಗಿನ ಯಾವುದೋ ದೊಡ್ಡ ದವಾಖಾನ್ಯಾಗ ನರ್ಸ್. ಯಾವ ಊರವರ್ರೀ ಅಂತ ಕೇಳಿದ್ರ "ಹಿಮಾಲಯದವರಂತ" ಅಂದ್ರು ಅತ್ತಿ, ಸಾಕ್ಷಾತ್ ಬದರಿನಾಥನೇ ಬಂದು ಖೋಲಿ ಕೇಳಿದ ಹಂಗ.

"ಅವರು ಏನು ತಿಂತಾರ, ಏನು ಕುಡೀತಾರ, ಕೇಳಿದ್ರೇನು?"

"ಕೇಳೀನಿ. ನಮ್ಮ ಮನ್ಯಾಗ ಮಾಂಸ ಮಾಡಂಗಿಲ್ಲ ಅಂದಾರ. ಹೊರಗ ತಿಂದು ಬಂದ್ರ ನೀ ಏನು ಬಾಯಿ ಮೂಸಿ ನೋಡ್ತೀಯೇನು, ಅನುರಾಧಾ?"

ಎಂಬತ್ತೆರಡು ವರ್ಷದ ಇಂದೂಬಾಯಿ, ಕಲಬುರಗಿಯ ಇಡೀ ಬ್ರಹ್ಮಪುರ ಓಣ್ಯಾಗ ಮಡಿಗೆ ಹೆಸರಾದಾಕಿ, ಹಿಂಗ ಮಾತಾಡ್ತಾರ. ಇವರ ಮಗ, ನಮ್ಮ ಮನಿಯವರು, ತೀರಿ ಹೋಗಿ ಆರು ವರ್ಷ ಆತು. ಆವತ್ತಿಂದ ನಮ್ಮಿಬ್ಬರ ಜಗಳ ಬಿಡಸೋರು ಯಾರೂ ಇಲ್ಲ.

ಇನ್ನೊಂದು ತಮಾಷಿ ಅದ. ಆ ತಂಗಿ ನಮ್ಮ ಸಾಲಿ ಹುಡುಗಿನೇ. ಅಕ್ಕ ಹೋದ ವರ್ಷ ಕಮಲಾಪುರದ ಒಂದು ಸಣ್ಣ ದವಾಖಾನ್ಯಾಗ ಇದ್ದಳಂತ. ಆವಾಗ ತಂಗೀನ್ನ ನಮ್ಮಲ್ಲಿ ಇಂಗ್ಲಿಷ್ ಮಾಧ್ಯಮದ ಒಂಬತ್ತನೇತ್ತಿಗೆ ಹಾಕಿದ್ದಳು. ಈಗ ಅಕ್ಕನ ನೌಕರಿ ಕಲಬುರಗಿಗೆ ಬಂತು, ತಂಗಿ ಸಾಲಿ ಕಮಲಾಪುರದಾಗೇ ಉಳೀತು. ಅಂದ್ರ ದಿನಾ ಮುಂಜಾನಿ ನನ್ನ ಬಸ್ಸಿನಾಗೇ ಬರ್ತಾಳ. ಮನ್ಯಾಗೂ ಆಕಿ, ಬಸ್ಸಿನಾಗೂ ಆಕಿ, ಸಾಲ್ಯಾಗೂ ಆಕಿ. ಯಾವ ಜನ್ಮದಾಗ ನಾ ಏನು ಮಾಡಿದ್ದೆನೋ.

ಜೂನ್ 14, ಶುಕ್ರವಾರ

ಹೆಡ್ ಮಾಸ್ತರ ಗುರುಲಿಂಗಪ್ಪನವರು ಇವತ್ತು ನನ್ನ ಹೊಗಳಿ ಹೊಗಳಿ ಹತ್ತನೇತ್ತ ಇಂಗ್ಲಿಷ್ ಮಾಧ್ಯಮ ಕೊಳ್ಳಿಗೆ ಕಟ್ಟಿದ್ರು.

"ಮೇಡಂರೀ, ಹಾಜರಿ, ಎಸ್ಸೆಸ್ಸೆಲ್ಸಿ ನೋಂದಣಿ, ಎಲ್ಲಾ ಕಾಗದ ನೀವೇ ನೋಡ್ರಿ. ನಿಮ್ಮಂಗ ಕಾಗದ ನೋಡೋರು ಈ ಸಾಲ್ಯಾಗ ಯಾರು ಅದಾರ ಹೇಳ್ರಿ?"

ಕಾಗದ ನೋಡೋದು ನಾ ಯಾಕ ಕಲ್ತೆ ಅಂತ ಅವರಿಗೆ ಗೊತ್ತದ. ಎರಡು ವರ್ಷದ ಹಿಂದ ಒಬ್ಬ ಹುಡುಗ ಖೊಟ್ಟಿ ಟಿ.ಸಿ. ತಂದು ಸೇರಿದ್ದ. ಸಹಿ ನಂದಿತ್ತು. ಮೆಮೋ ಬಂತು. ಮೂವತ್ತು ವರ್ಷದ ಸರ್ವಿಸಿನಾಗ ಮೊದಲನೇ ಮೆಮೋ, ಅದೂ ಯಾರೋ ಮಾಡಿದ ಪಾಪಕ್ಕ. ಒಂದು ತಿಂಗಳು ಸ್ಟಾಫ್ ರೂಮಿನಾಗ ನಾ ಒಳಗ ಕಾಲಿಟ್ರ ಎಲ್ಲಾರ ಮಾತೂ ಬಂದ್ ಆಗ್ತಿತ್ತು. ಆ ಅವಮಾನ ನಾ ಮರತಿಲ್ಲ. ನಿವೃತ್ತಿಗೆ ಇನ್ನ ಹದಿನೆಂಟು ತಿಂಗಳು ಅವ, ಇನ್ನೊಂದು ಮೆಮೋ ನನಗ ಬ್ಯಾಡ. ಈ ಸಲ ಒಂದೊಂದು ಕಾಗದ ಬೆಳಕಿಗೆ ಹಿಡದು ನೋಡ್ತೀನಿ.

ಹಾಜರಿ ಪುಸ್ತಕದಾಗ ಮೂವತ್ತೆರಡು ಹೆಸರು. ಮೂವತ್ತೊಂದನೇದು ಸೋನಿ ರಾಠೋಡ, ತಾಂಡಾದ ಹುಡುಗಿ, ಹಲ್ಲು ಕಿಸಿಯೋದು ಬಿಟ್ರ ಬ್ಯಾರೆ ಏನೂ ಬರಂಗಿಲ್ಲ. ಕಡೀದು ಹೀರಾ ತಿಲ್ಯಾಲ, ನಮ್ಮ ಮ್ಯಾಲಿನ ಖೋಲಿಯಾಕಿ. ತಿಲ್ಯಾಲ! ಇದ್ಯಾವ ಅಡ್ಡಹೆಸರೋ ಮಾರಾಯ. "ಊರ ಹೆಸರು ಟೀಚರ್, ನಮ್ಮೂರು ತಿಲ್ಯಾಂಗ್" ಅಂದ್ಲು. ಇರಲಿ, ನಾ ಗುಡ್ಡದ ಹುಡುಗಿ ಅಂತನೇ ಕರೀತೀನಿ, ನಾಲಿಗಿಗೆ ಸಸಾರ.

ಜೂನ್ 27, ಗುರುವಾರ

ಆ ಗುಡ್ಡದ ಹುಡುಗಿ ದಿನಾ ಬಸ್ ಸ್ಟ್ಯಾಂಡಿನಾಗ ಮೊದಲು ಹತ್ತಿ, ತನ್ನ ಚೀಲ ಇಟ್ಟು ನನಗ ಸೀಟು ಹಿಡೀತಾಳ. "ಟೀಚರ್, ಬರ್ರಿ, ಇಲ್ಲಿ ಕೂಡ್ರಿ." ನಾ ಹೇಳಿಲ್ಲ, ಕೇಳಿಲ್ಲ. ನನ್ನ ಮೊಣಕಾಲು ನೋಯ್ತಾವ ಅಂತ ಕೂಡ್ತೀನಿ. ಮಾತಾಡಂಗಿಲ್ಲ. ಇವತ್ತು ಒಂದು ಕೆಂಪು ಬಾಳೆಹಣ್ಣು ಕೊಡ್ಲಿಕ್ಕೆ ಬಂದ್ಲು. ಕಮಲಾಪುರದ ಬಾಳೆಹಣ್ಣು ಕಮಲಾಪುರದಾಗ ಮೂವತ್ತು ವರ್ಷ ತಿಂದಾಕಿಗೆ! ಬ್ಯಾಡ ಅಂದೆ. ಮಾರಿ ಸಣ್ಣದು ಮಾಡಿಕೊಂಡು ತಾನೇ ತಿಂದ್ಲು.

ಆಗಸ್ಟ್ 20, ಮಂಗಳವಾರ

ಕೇಂದ್ರ ಸರ್ಕಾರದ ಯೋಜನಾದಾಗ ನಮ್ಮ ರಾಜ್ಯಕ್ಕ ಉತ್ತರಾಖಂಡ ಜೋಡಿ ರಾಜ್ಯ ಅಂತ. ಅಲ್ಲಿಯ ಒಂದು ಜಿಲ್ಲಾದ ಇತಿಹಾಸ, ಜನ, ಶಿಕ್ಷಣ, ಮೂರೂ ಗೋಡಿ ಮ್ಯಾಲ ಚಾರ್ಟ್ ಮಾಡಿ ಹಚ್ಚಬೇಕಂತ. ಯಾರು ಮಾಡಬೇಕು? ಅನುರಾಧಾ ಮೇಡಂ. ಕಲಬುರಗಿ ಸೂಪರ್ ಮಾರ್ಕೆಟ್ ಬಜಾರಿನ ಆ ಗದ್ದಲದಾಗ, ಆಟೋದವರ ಬೈಗುಳ ತಿಂದು, ಚಾರ್ಟ್ ಕಾಗದ ತಂದೆ.

ಪಿಥೋರಗಢ ಜಿಲ್ಲಾ ಆರಿಸಿದೆ. ಒಂದು ಕಡೆ ನೇಪಾಳ, ಮ್ಯಾಲ ಟಿಬೆಟ್. ಆರಿಸಿದ್ದು ಯಾಕಂದ್ರ ಗುಡ್ಡದ ಹುಡುಗಿ ಅಲ್ಲಿಯಾಕಿ, ಬರಿಯೋ ಕೆಲಸ ಆಕಿಗೇ ಹಚ್ಚಬಹುದು ಅಂತ. ಊರ ಹೆಸರು ಬರೋಬರಿ ಬರೀಬೇಕಂತ ಕಪಾಟಿನಾಗಿಂದ ಆಕಿ ಟಿ.ಸಿ. ತಗದೆ.

ತಗದದ್ದು ಛಲೋ ಆತು. ಸಾಲಿ: ಜೂನಿಯರ್ ಹೈಸ್ಕೂಲ್, ತಿಲ್ಯಾಂಗ್. ಸಹಿ ಕೆಳಗ ಊರು: ಧಾರಚೂಲಾ. ಎಂಟನೇತ್ತದ ಅಂಕಪಟ್ಟಿ ತಗದೆ. ಜುಲೈ ಪರೀಕ್ಷಾಕ್ಕ ತಿಲ್ಯಾಂಗ್, ಡಿಸೆಂಬರಿನದಕ್ಕ ಧಾರಚೂಲಾ. ಒಂದೇ ವರ್ಷ, ಒಂದೇ ಸಾಲಿ, ಒಬ್ಬನೇ ಹೆಡ್ ಮಾಸ್ತರನ ಸಹಿ, ಊರು ಮಾತ್ರ ಎರಡು! ಧಾರಚೂಲಾ ಹೊಳಿ ದಂಡಿ ಮ್ಯಾಲಿನ ಪ್ಯಾಟಿ. ತಿಲ್ಯಾಂಗ್ ಅಲ್ಲಿಂದ ಎರಡು-ಮೂರು ದಿನ ಗುಡ್ಡ ಹತ್ತಿ ಹೋಗಬೇಕಾದ ಊರು. ಮಾಸ್ತರ ಏನು ಹಾರಿಕೊಂಡು ಹೋಗಿ ಸಹಿ ಮಾಡ್ಯಾನೇನು?

ಖೊಟ್ಟಿ. ನನ್ನ ಕಣ್ಣಿಗೆ ಬಿತ್ತು, ಬಚಾವಾದೆ.

ಆಗಸ್ಟ್ 21, ಬುಧವಾರ

ಆಕೀನ್ನ ಕ್ಲಾಸಿನಾಗ ಎಬ್ಬಿಸಿ ನಿಲ್ಲಸಿದೆ. ಚಾರ್ಟ್ ಅನ್ನೋದು ನೆಪ. ಖರೇ ಅಂದ್ರ ಅಡ್ಡ ಪ್ರಶ್ನಿ ಹಾಕಿ ಹಿಡೀಬೇಕಂತ.

"ನಿನ್ನ ಜಿಲ್ಲಾದ ಇತಿಹಾಸ ಹೇಳು."

ಕಮಲಾಪುರದ ಹುಡುಗರ ಕಡೆ ಕಲ್ತ ಕನ್ನಡ, ನಡುವ ಹಿಂದಿ. "ನಮ್ಮ ಪರದಾದಾ, ಮುತ್ತಜ್ಜ, ತಿಬ್ಬತ್‌ಗೆ ವ್ಯಾಪಾರಕ್ಕ ಹೋಗ್ತಿದ್ರು ಟೀಚರ್. ಕುರಿ ಮ್ಯಾಲ ಸಣ್ಣ ಸಣ್ಣ ಚೀಲ ಹೊರಸಿ. ಇಲ್ಲಿಂದ ಕಾಳು, ಬೆಲ್ಲ, ಅಲ್ಲಿಂದ ಉಪ್ಪು, ಉಣ್ಣಿ. ಅರವತ್ತೆರಡರಾಗ ಲಡಾಯಿ ಆತು, ಗಡಿ ಬಂದ್ ಆತು. ದೊಡ್ಡ ದೊಡ್ಡ ಮನಿ ಅವ, ಬಾಗಲಕ್ಕ ಕೆತ್ತನಿ ಅದ, ವ್ಯಾಪಾರ ಇಲ್ಲ."

"ಆಮ್ಯಾಲ ನಿಮ್ಮವರು ಏನು ಮಾಡಿದ್ರು?"

"ಓದಿದ್ರು, ಟೀಚರ್."

ಚೂಟಿ ಅದಾಳ. ನಾ ಬಿಡಲಿಲ್ಲ. "ಡಿಸೆಂಬರಿನಾಗ ನೀ ಯಾವ ಊರಾಗ ಪರೀಕ್ಷಾ ಕೊಟ್ಟಿ?"

"ಧಾರಚೂಲಾದಾಗ."

"ಜುಲೈದಾಗ?"

"ತಿಲ್ಯಾಂಗಿನಾಗ."

"ಅಂದ್ರ ಎರಡು ಸಾಲಿ."

"ಅಲ್ಲ ಟೀಚರ್, ಒಂದೇ. ನಮ್ಮ ಸಾಲಿ ಕೆಳಗ ಇಳೀತದ."

ಹುಡುಗರು ಹೋ ಅಂತ ನಕ್ರು. ಆಕಿ ಕೆಂಪಗಾಗಿ, ಕೈ ಮಾಡಿ ಮಾಡಿ ಹೇಳಿದ್ಲು. ಹಿಮ ಬೀಳೋಕ್ಕಿಂತ ಮೊದಲು, ಅಕ್ಟೋಬರಿನಾಗ, ಊರಿಗೆ ಊರೇ ಮನಿ ಕೀಲಿ ಹಾಕಿ ಧಾರಚೂಲಾಕ್ಕ ಇಳೀತದಂತ. ಕುರಿ, ಕುದುರಿ, ಮುದುಕರು, ಮಕ್ಕಳು, ಎಲ್ಲಾ. ಮಾಸ್ತರೂ ಇಳೀತಾರ. ಕರೀ ಹಲಗಿ, ಘಂಟಿ, ಹಾಜರಿ ಪುಸ್ತಕ, ಎಲ್ಲಾ ಹೇಸರಗತ್ತಿ ಮ್ಯಾಲ ಹೇರಿಕೊಂಡು. ಬ್ಯಾಸಗಿ ಬಂತಂದ್ರ ಮತ್ತ ಮ್ಯಾಲ.

ಆ ಸೋನಿ ರಾಠೋಡ, ವರ್ಷಕ್ಕ ಒಂದು ಪ್ರಶ್ನಿ ಕೇಳದಾಕಿ, ಎದ್ದು ನಿಂತ್ಲು. "ಹಾಜರಿ ಪುಸ್ತಕನೂ ಒಯ್ತಾರೇನ?"

"ಹೂಂ ಮತ್ತ. ಇಲ್ಲಾಂದ್ರ ಹೆಸರು ಹ್ಯಾಂಗ ಕರೀತಾರ?"

ಸೋನಿ ನನ್ನ ಕಡೆ ನೋಡಿದ್ಲು. ಕೂಡು ಅಂದೆ, ಕೂತ್ಲು.

ಛಲೋ ಕಟ್ಟ್ಯಾಳ ಕಥಿ. ಘಂಟಿ ಹೊತ್ತು ಗುಡ್ಡ ಇಳಿಯೋ ಸಾಲಿ! ಮೂವತ್ತು ವರ್ಷ ಸಮಾಜ ವಿಜ್ಞಾನ ಹೇಳೀನಿ, ಇಂಥದ್ದು ಯಾವ ಪಾಠದಾಗೂ ಓದಿಲ್ಲ.

ಆಗಸ್ಟ್ 22

ಕ್ಲರ್ಕ್ ಚಾಂದಪಾಶಾಗೆ ಟಿ.ಸಿ. ತೋರಿಸಿದೆ. "ಜಾನೇ ದೋ ಮೇಡಂ, ಬಚ್ಚಿ ಹೈ" ಅಂದ, ಸಣ್ಣ ಹುಡುಗಿ ಬಿಟ್ಟುಬಿಡ್ರಿ ಅಂತ. ಹಿಂದಿನ ಸಲಾನೂ ಇಂವ ಹಿಂಗೇ ಅಂದಿದ್ದ. ಮೆಮೋ ಇವನಿಗೆ ಬಂದಿತ್ತೇನು?

ಅಕ್ಟೋಬರ್ 21, ಸೋಮವಾರ

ಪರೀಕ್ಷಾ, ದಸರಾ ಸೂಟಿ ಅಂತ ಎರಡು ತಿಂಗಳು ಹೋದ್ವು. ಇವತ್ತು ಆ ಹುಡುಗಿ ಹಳೇ ಸಾಲಿಗೆ ರಿಜಿಸ್ಟರ್ ಟಪಾಲು ಹಾಕಿದೆ. ಶುದ್ಧ ಹಿಂದಿಯೊಳಗ ನಾನೇ ಬರದೆ: ಈ ವಿದ್ಯಾರ್ಥಿನಿ ನಿಮ್ಮಲ್ಲಿ ಓದಿದ್ದು ಖರೇ ಅದಯೋ ಇಲ್ಲೋ, ಲಗೂನ ತಿಳಸ್ರಿ ಅಂತ. ಧಾರಚೂಲಾಕ್ಕ ಹಾಕ್ರಿ ಅಂತ ಚಾಂದಪಾಶಾ ಅಂದ. ಯಾಕ ಹಾಕಲಿ? ಟಿ.ಸಿ. ಮ್ಯಾಲ ಸಾಲಿ ಹೆಸರು ತಿಲ್ಯಾಂಗ್ ಅಂತ ಅದ, ತಿಲ್ಯಾಂಗಿಗೇ ಹಾಕಿದೆ. ನಿಯಮ ಅಂದ್ರ ನಿಯಮ.

ಮನ್ಯಾಗ ಅತ್ತಿ ಮತ್ತ ಆ ಹುಡುಗಿ ಕಟ್ಟಿ ಮ್ಯಾಲ ಕೂತು ಶೇಂಗಾ ಒಡೀಲಿಕತ್ತಿದ್ರು. ಅತ್ತಿ ಮರಾಠಿ, ಆಕಿ ಹಿಂದಿ, ಹ್ಯಾಂಗ ತಿಳೀತದೋ ಏನೋ, ನಗೋದೇ ನಗೋದು. ನಾ ಬಂದ ಕೂಡಲೇ ಸುಮ್ಮನಾದ್ರು.

ನವೆಂಬರ್ 4, ಸೋಮವಾರ

ದೀಪಾವಳಿ ಮುಗದದ್ದೇ ತಾಂಡಾ ಖಾಲಿ. ಟ್ರ್ಯಾಕ್ಟರಿನಾಗ ಹಾಸಿಗಿ, ಕೋಳಿ, ಕೂಸು ಹೇರಿಕೊಂಡು ಕಬ್ಬು ಕಡೀಲಿಕ್ಕ ಹೊಂಟಾರ. ಸೋನಿ ಸಾಲಿ ಗೇಟಿನ ತನಕ ಬಂದಿದ್ಲು.

"ಟೀಚರ್, ಅಫಜಲಪುರದ ಕಡೆ ಹೊಂಟೀವ್ರೀ. ಪರೀಕ್ಷಾಕ್ಕ ಬಂದೇ ಬರ್ತೀನಿ. ನನ್ನ ಹೆಸರು ತಗೀಬ್ಯಾಡ್ರಿ."

"ಒಂದು ತಿಂಗಳು ಬರಲಿಲ್ಲಂದ್ರ ಹೆಸರು ಹೋಗ್ತದ. ಹಾಜರಿ ಇಲ್ಲಂದ್ರ ಹಾಲ್ ಟಿಕೆಟ್ ಇಲ್ಲ. ನಾ ಮಾಡಿದ ನಿಯಮ ಅಲ್ಲ ಅದು."

ಪ್ರತಿ ವರ್ಷ ಡಿಸೆಂಬರಿನಾಗ ನಂದು ಇದೊಂದು ಕೆಲಸ. ಕೆಂಪು ಪೆನ್ನು, ಪಟ್ಟಿ, ಹೆಸರಿನ ಮ್ಯಾಲ ಒಂದು ಗೆರಿ. ಒಂದು ವರ್ಷ ನಾಲ್ಕು, ಒಂದು ವರ್ಷ ಏಳು. ಈ ಸಲ ಒಬ್ಬಾಕೀನೇ.

ನವೆಂಬರ್ 19, ಮಂಗಳವಾರ

ಸಿಕ್ಕಳು! ಟಪಾಲು ವಾಪಸ್ ಬಂತು. ಲಕೋಟಿ ಮ್ಯಾಲ ದೊಡ್ಡ ಸಿಕ್ಕಾ: ವಿಳಾಸದಾರರಿಲ್ಲ. ಸಾಲಿನೇ ಇಲ್ಲದ ಊರಿನ ಟಿ.ಸಿ. ತಂದಾರ ನೋಡು! ಹಿಂದ ಯಾರೋ ಪೆನ್ಸಿಲಿನಿಂದ ಏನೋ ಗೀಚ್ಯಾರ, ಟಪಾಲಿನವರ ಗುರುತು ಇರಬೇಕು.

ಲಕೋಟಿ ಮುಂದಿನ ಬದಿ ಝೆರಾಕ್ಸ್ ಮಾಡಿಸಿ, ಅರ್ಜಿ ಬರದು, ತಾಲೂಕಿನ ಶಿಕ್ಷಣ ಕಚೇರಿಗೆ ನಾನೇ ಒಯ್ದು ಕೊಟ್ಟೆ. ನೋಂದಣಿಗೆ ಮೂವತ್ತನೇ ತಾರೀಖು ಕಡೀ ದಿನ. ಆ ಹುಡುಗೀದು ತಡೆದು ಇಟ್ಟಾರ. ಗುರುಲಿಂಗಪ್ಪನವರು "ಮೇಡಂರೀ, ಪೋರಿದು ಒಂದು ವರ್ಷ ಹೊಕ್ಕೈತಲ್ರೀ" ಅಂದ್ರು. ಹೋದ್ರ ಹೋಗಲಿ. ಖೊಟ್ಟಿ ಕಾಗದ ತಂದವರು ಅದನ್ನ ಮೊದಲೇ ವಿಚಾರ ಮಾಡಬೇಕಿತ್ತು.

ಸಂಜಿಗೆ ಗೋಧಿ ಹುಗ್ಗಿ ಮಾಡಿದೆ. ಇವತ್ತೇನು ವಿಶೇಷ ಅಂತ ಅತ್ತಿ ಕೇಳಿದ್ರು. ಏನಿಲ್ಲ ಅಂದೆ.

ನವೆಂಬರ್ 22, ಶುಕ್ರವಾರ

ಗೋಮತಿ ದವಾಖಾನಿ ಬಟ್ಟೀ ಮ್ಯಾಲೇ ಕೆಳಗ ಇಳದು ಬಂದ್ಲು. ಹಿಂದೆ ತಂಗಿ, ಅತ್ತು ಅತ್ತು ಕಣ್ಣು ಬಾತಿದ್ವು. ಅತ್ತಿ ಎದುರಿಗೇ ನಿಂತು ಹಿಂದಿಯೊಳಗ ಅಂದ್ಲು, ದನಿ ಏರಿಸಲಿಲ್ಲ, ಅದೇ ಭಾಳ ಕೆಟ್ಟದ್ದು.

"ಮೇಡಂ, ನಿಮ್ಮ ಮನಿ ಮೆಟ್ಟಲ ಹದಿನಾಲ್ಕು ಅವ. ನೀವು ಹಿಮಾಲಯಕ್ಕ ಪತ್ರ ಹಾಕಿದ್ರಿ, ಹದಿನಾಲ್ಕು ಮೆಟ್ಟಲ ಹತ್ತಿ ನನ್ನ ಒಂದು ಮಾತು ಕೇಳಲಿಲ್ಲ."

ಕಾಗದದ ಮಾತು ಕಾಗದದಾಗೇ ಆಗಬೇಕು ಅಂದೆ.

ಆಗ ಆ ಹುಡುಗಿ ಮಾತಾಡಿದ್ಲು. "ಟೀಚರ್, ನಾ ಸುಳ್ಳಿ ಅಂದ್ರ ನಡೀತದ. ನಮ್ಮೂರೇ ಇಲ್ಲ ಅಂತ ಬರದೀರಿ."

ಎಷ್ಟು ಸೊಕ್ಕು! ನಾ ಊರು ಇಲ್ಲ ಅಂತ ಬರದಿಲ್ಲ, ಸಾಲಿ ಇಲ್ಲ ಅಂತ ಬರದೀನಿ. ಅತ್ತಿ ಊಟ ಬಿಟ್ಟು ದೇವರ ಮುಂದ ಹೋಗಿ ಕೂತ್ರು. ನನ್ನ ಮನ್ಯಾಗ ನಾನೇ ಕಳ್ಳಿ ಆದೆ.

ನವೆಂಬರ್ 24, ರವಿವಾರ

ಬರೀಲಿಕ್ಕ ಕೈ ಬರವಲ್ದು. ಆದ್ರೂ ಬರೀತೀನಿ.

ಮಧ್ಯಾಹ್ನ ಅತ್ತಿ ನನ್ನ ಮೇಜಿನ ಮ್ಯಾಲಿನ ಲಕೋಟಿ ತಗೊಂಡು ಕಟ್ಟೀಗೆ ಹೋದ್ರು, ಬಿಸಿಲಾಗ ಹಿಡದು ತಿರುವಿ ಮುರುವಿ ನೋಡಿದ್ರು. ಆಮ್ಯಾಲ ಹಿಂದಿನ ಪೆನ್ಸಿಲ್ ಗೀಚು ಜೋರಾಗಿ ಓದಿದ್ರು, ವ್ರತದ ಕಥಿ ಓದಿದಾಂಗ.

"ಪೂರಾ ಗಾಂವ್ ನೀಚೇ ಗಯಾ ಹೈ. ಸ್ಕೂಲ್ ಭೀ. ಧಾರಚೂಲಾ ಭೇಜೇಂ."

ಇಡೀ ಊರು ಕೆಳಗ ಹೋಗ್ಯದ. ಸಾಲಿನೂ. ಧಾರಚೂಲಾಕ್ಕ ಕಳಸ್ರಿ.

ಲಕೋಟಿ ಕಸಗೊಂಡು ನೋಡಿದೆ. ಬರೋಬರಿ ಅದೇ ಅಕ್ಷರ. ಐದು ದಿನದಿಂದ ನನ್ನ ಮೇಜಿನ ಮ್ಯಾಲೇ ಬಿದ್ದಿತ್ತು.

"ಹಳೇ ಮರಾಠಿ ಮೋಡಿ ಲಿಪಿ ನಿನಗ ಬರಂಗಿಲ್ಲಂತ ನನಗ ಗೊತ್ತಿತ್ತು ಅನುರಾಧಾ. ಈ ಹಿಂದಿ ಬರಿಯೋ ಬಾಲಬೋಧ ಅಕ್ಷರಾನೂ ಮರತಿ?" ಅಂದ್ರು ಅತ್ತಿ. ಅಕ್ಟೋಬರಿನಾಗ ಕೀಲಿ ಹಾಕಿದ ಊರಿಗೆ ಪತ್ರ ಹಾಕಿ, ಬಾಗಲಾ ಯಾರೂ ತಗೀಲಿಲ್ಲಂತ ಪುರಾವೆ ಮಾಡಿದಾಕಿ ನಾನು. ಆ ಹುಡುಗಿ ಆಗಸ್ಟಿನಾಗೇ ಹೇಳಿದ್ಲು, ಕೈ ಮಾಡಿ ಮಾಡಿ ಹೇಳಿದ್ಲು.

ಮೆಟ್ಟಲ ಹತ್ತಿ ಹೋಗಿ ಹೇಳಬೇಕು ಅಂತ ಎದ್ದೆ. ಏಳು ಹತ್ತಿದೆ, ಇಳದೆ.

ನವೆಂಬರ್ 25, ಸೋಮವಾರ

ತಾಲೂಕಿನ ಕಚೇರಿ. ಸಾಹೇಬ್ರು ನನ್ನ ಮಾರಿ ನೋಡಿ ನಕ್ರು. "ಖೊಟ್ಟಿ ಅಂತ ನೀವೇ ಬರಕೊಟ್ಟೀರಿ, ಖರೇ ಅಂತ ನೀವೇ ಬರಕೊಡ್ತೀರೇನು? ಕೊಡ್ರಿ. ವಿಚಾರಣಾ ಮಾಡದೇ ದೂರು ಕೊಟ್ಟದ್ದು ನನ್ನ ತಪ್ಪು ಅಂತನೂ ಬರೀರಿ. ಮೆಮೋ ಬರ್ತದ, ಆಮ್ಯಾಲ ಅಳಬ್ಯಾಡ್ರಿ. ಮತ್ತ ಆ ಸಾಲಿ ಪತ್ರ ಶುಕ್ರವಾರದೊಳಗ ಬೇಕು."

ಬರಕೊಟ್ಟೆ. ನನ್ನ ತಪ್ಪು ಅಂತ ನನ್ನ ಅಕ್ಷರದಾಗೇ. ಹುಡುಗಿ ಸಲುವಾಗಿ ಅಲ್ಲ. ಸುಳ್ಳು ಕಾಗದ ಫೈಲಿನಾಗ ಇರಬಾರದು ಅಂತ.

ಸಂಜಿಗೆ ಹದಿನಾಲ್ಕು ಮೆಟ್ಟಲ ಹತ್ತಿದೆ. ಗೋಮತಿ ಬಾಗಲಾ ತಗದು, ಒಳಗ ಬರ್ರಿ ಅಂತ ಅನಲಿಲ್ಲ. ತಪ್ಪು ನಂದೇ, ಶುಕ್ರವಾರದೊಳಗ ನಿಮ್ಮ ಸಾಲಿ ಪತ್ರ ಬೇಕು ಅಂತ ಹೊಸ್ತಲ ಹೊರಗ ನಿಂತೇ ಹೇಳಿದೆ. ನಮ್ಮ ಸ್ವಂತ ಮನಿ ಹೊಸ್ತಲ.

ನವೆಂಬರ್ 26, ಮಂಗಳವಾರ

ಗೋಮತಿ ಫೋನಿನಾಗ ಧಾರಚೂಲಾದ ಹೆಡ್ ಮಾಸ್ತರ ಕಂಡ್ರು. ಬಿಳಿ ಮೀಸಿ, ಉಣ್ಣಿ ಟೊಪಿಗಿ. ಹಿಂದೆ ಒಂದು ಗಿಡಕ್ಕ ಘಂಟಿ ತೂಗು ಹಾಕಿದ್ರು. ಹಳೇ ಹಾಜರಿ ಪುಸ್ತಕ ಕ್ಯಾಮೆರಾದ ಮುಂದ ಹಿಡದು ಪುಟ ತಿರುವಿದ್ರು. ಅಕ್ಟೋಬರಿನ ಪುಟದಾಗ ನಡುವ ಒಂದು ವಾರ ಖಾಲಿ, ಅಡ್ಡ ಬರದಿದ್ರು: ದಾರ್ಯಾಗ. ಆಮ್ಯಾಲ ಮತ್ತ ಅವೇ ಹೆಸರು, ಅದೇ ಸಾಲು. ಹೀರಾ ತಿಲ್ಯಾಲ, ಹಾಜರ್, ಹಾಜರ್, ಹಾಜರ್.

ಪತ್ರ ಇವತ್ತೇ ಕಳಸ್ತೀನಿ ಅಂದ್ರು. ಸುಮ್ಮ ಇಡಬಾರದೇ ಫೋನು? ನನ್ನ ಕೇಳಿದ್ರು, ಮೇಡಂ, ನಿಮ್ಮಲ್ಲಿ ಜನ ಊರು ಬಿಟ್ಟು ಹೋಗಂಗಿಲ್ಲೇನು?

ಕೆಲಸಕ್ಕ ಹೋಗ್ತಾರ ಅಂದೆ.

ಹೋದಾಗ ನಿಮ್ಮ ಸಾಲಿ ಏನು ಮಾಡ್ತದ?

ಮಾತು ಕೇಳಿಸವಲ್ದು, ನೆಟ್‌ವರ್ಕ್ ಇಲ್ಲ ಅಂತ ಫೋನು ಗೋಮತಿ ಕೈಯಾಗ ಕೊಟ್ಟೆ. ನೆಟ್‌ವರ್ಕ್ ಛಲೋ ಇತ್ತು.

ನವೆಂಬರ್ 29, ಶುಕ್ರವಾರ

ನೋಂದಣಿ ಆತು. ಆಕಿದೂ, ಸೋನಿದೂ, ಮೂವತ್ತೆರಡೂ ಆದ್ವು. ನನ್ನ ಮೆಮೋನೂ ಬಂತು, ಎರಡನೇದು. ಸ್ಟಾಫ್ ರೂಮಿನಾಗ ಮಾತು ಮತ್ತ ಬಂದ್.

ಹೀರಾಗೆ ಹೇಳಿದೆ, ನಿಂದು ಆತು ಅಂತ. ತಲಿ ಅಲ್ಲಾಡಿಸಿದ್ಲು. ಹಾಜರಿ ಕರದ್ರ ಬರೇ ಕೈ ಎತ್ತತಾಳ, ಬಾಯಿ ಬಿಡಂಗಿಲ್ಲ. ಇರಲಿ. ಕೈ ಎತ್ತಿದ್ರೂ ಹಾಜರಿನೇ.

ಡಿಸೆಂಬರ್ 1, ರವಿವಾರ

ಖೋಲಿ ಖಾಲಿ ಮಾಡಿದ್ರು. ಶರಣಬಸವೇಶ್ವರ ಗುಡಿ ಕಡೆ ಮನಿ ಹಿಡದಾರಂತ. ಅತ್ತಿಗೆ ಇಬ್ಬರೂ ನಮಸ್ಕಾರ ಮಾಡಿ ಹೋದ್ರು. ನನಗ ಗೋಮತಿ ಕೀಲಿಕೈ ಕೊಟ್ಲು, ಅಷ್ಟೇ. ಛಲೋ ಆತು, ತಲಿಬ್ಯಾನಿ ಹೋತು.

ಅತ್ತಿ ಮಾತು ಬಿಟ್ಟಾರ. ಚಹಾ ಬೇಕಾದ್ರ ಕಪ್ಪು ಬಡೀತಾರ.

ಡಿಸೆಂಬರ್ 5

ಮುಂಜಾನಿ ಬಸ್ಸಿನಾಗ ಕಮಲಾಪುರದ ತನಕ ನಿಂತೇ ಬಂದೆ. ಹೀರಾ ಮುಂದಿನ ಸೀಟಿನಾಗ ಇದ್ಲು, ಚೀಲ ತೊಡಿ ಮ್ಯಾಲ. ಮೊಣಕಾಲು ಭಾಳ ನೋಯ್ಲಿಕತ್ಯಾವ.

ಡಿಸೆಂಬರ್ 12, ಗುರುವಾರ

ಚಾಂದಪಾಶಾ ಹಾಜರಿ ಪುಸ್ತಕ ತಂದಿಟ್ಟ. "ಮೇಡಂ, ಸೋನಿ ರಾಠೋಡದು ತಿಂಗಳು ಮ್ಯಾಲ ಆಗ್ಯದ. ಹೊಡದು ಬಿಡ್ರಿ."

ಕೆಂಪು ಪೆನ್ನು ಹುಡುಕಿದೆ, ಸಿಗಲಿಲ್ಲ. ಅಂವ ತಂದು ಕೊಟ್ಟ. ಅದು ಶಾಯಿ ಸೋರ್ತದ, ಬ್ಯಾಡ ಅಂದೆ. ಇನ್ನೊಂದು ತಂದ. "ನನಗ ಕೆಲಸ ಇಲ್ಲೇನು? ನಾಳಿ ನೋಡೋಣ" ಅಂತ ಬೈದೆ. ಅಂವ ನನ್ನ ಮಾರೀನ್ನೇ ನೋಡ್ಕೋತ ಹೋದ.

ಆಮ್ಯಾಲ ಗುರುಲಿಂಗಪ್ಪನವರ ಹತ್ತರ ಹೋಗಿ, ವಿಶೇಷ ತರಗತಿ ಎಲ್ಲಿ ತಗೋಬೇಕು ಅಂತ ನಿಯಮದಾಗ ಬರದದೇನು ಅಂತ ಕೇಳಿದೆ. ಹುಬ್ಬು ಏರಿಸಿದ್ರು.

"ಎಲ್ಲಿ ಅಂತ ಏನೂ ಬರದಿಲ್ಲ. ಯಾಕ, ಏನು ಮಾಡಾಕತ್ತೀರಿ ಮೇಡಂರೀ?"

"ಅಫಜಲಪುರದ ಕಡೆ ಹೋಗ್ತೀನಿ."

"ಕಬ್ಬಿನ ಹೊಲದಾಗ ಹಾಜರಿ ಹಾಕ್ತೀರಾ? ಮೂರನೇ ಮೆಮೋ ಬರ್ತೈತಿ ನೋಡ್ರಿ."

"ಬರಲಿ. ಎರಡು ಇಟ್ಟಲ್ಲೇ ಇಡ್ತೀನಿ."

ಸೋನಿ ಯಾವ ಊರ ಹೊಲದಾಗ ಅದಾಳಂತ ಯಾರಿಗೆ ಗೊತ್ತದ ಅಂತ ಕ್ಲಾಸಿನಾಗ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಸಾಲಿ ಬಿಟ್ಟ ಮ್ಯಾಲ ನನ್ನ ಮೇಜಿನ ಮ್ಯಾಲ ಒಂದು ಚೀಟಿ ಇತ್ತು: ಊರು, ಹಳ್ಳದ ಹೆಸರು, ಸೋನಿ ಅಪ್ಪನ ಫೋನ್ ನಂಬರ್. ಹೀರಾನ ಅಕ್ಷರ.

ಡಿಸೆಂಬರ್ 15, ರವಿವಾರ

ಮುಂಜಾನಿ ಅಫಜಲಪುರದ ಬಸ್ ಹತ್ತಿದ್ರ ಹೀರಾ ಅದರಾಗ ಕೂತಿದ್ಲು. ನಾ ಕರದಿಲ್ಲ. ಎರಡು ಸೀಟು ಮುಂದ, ಕಿಡಕಿ ಕಡೆ ಮಾರಿ. ಇಬ್ಬರೂ ಮಾತಾಡಲಿಲ್ಲ. ಇಳದ ಮ್ಯಾಲ ಕಾಲ್ದಾರ್ಯಾಗ ಆಕಿ ಮುಂದ, ನಾ ಹಿಂದ. ನನ್ನ ಚೀಲದಾಗ ನಕಾಶೆ, ಸಮಾಜ ವಿಜ್ಞಾನ ಪುಸ್ತಕ, ಮತ್ತ ಹಾಜರಿ ಪುಸ್ತಕ. ಎರಡು ಸಲ ನಿಂತು ಹಿಂದಕ್ಕ ನೋಡಿದ್ಲು, ಮುದುಕಿ ಬರ್ಲಿಕತ್ಯಾಳೋ ಇಲ್ಲೋ ಅಂತ.

ಕಡದ ಹೊಲದಾಗ ಕಬ್ಬಿನ ಸೋಗಿ ಹೊದಿಸಿದ ಹತ್ತು ಗುಡಸಲಾ. ಸೋನಿ ಕೈಯಾಗ ಕುಡಗೋಲು, ಕೈ ತುಂಬ ಗೀರು. ನನ್ನ ನೋಡಿ ಕುಡಗೋಲು ಹಿಂದಕ್ಕ ಮುಚ್ಚಿಟ್ಲು, ಕಳವು ಮಾಡಿ ಸಿಕ್ಕವರಂಗ. ಅವರವ್ವ ಓಡಿ ಬಂದು, "ಏನಾತ್ರೀ ಬಾಯಾರ, ಹೆಸರು ತಗದ್ರೇನು?" ಅಂದ್ಲು. ನನಗ ಅಳು ಬಂತು. ಬಿಸಿಲು ಕಣ್ಣಾಗ ಹೊಡೀಲಿಕತ್ಯದ ಅಂತ ಸೆರಗು ಹಿಡದೆ.

ಬದುವಿನ ಮ್ಯಾಲ ಕೂತು ನಕಾಶೆ ಹಾಸಿದೆ. ಎರಡು ತಾಸು ಪಾಠ ಮಾಡಿದೆ. ಗುಡಸಲಿನ ಐದಾರು ಸಣ್ಣ ಮಕ್ಕಳೂ ಬಂದು ಕೂತ್ವು, ಯಾವ ಸಾಲಿಯವೋ. ಟಿಬೆಟಿನ ಗಡಿ ಎಲ್ಲಿ ಅದ ತೋರಿಸು ಅಂದ್ರ ಸೋನಿ ಬರೋಬರಿ ಬೆರಳಿಟ್ಲು. ಆಕಿಗೆ ಏನೂ ಬರಂಗಿಲ್ಲ ಅಂತ ನಾ ಯಾಕ ಬರದಿದ್ದೆನೋ.

ಆಮ್ಯಾಲ ಹಾಜರಿ ಪುಸ್ತಕ ತಗದೆ. ನಿಯಮದಂಗ ರವಿವಾರದ ಚೌಕ ಖಾಲಿ ಬಿಡಬೇಕು. ಅದರ ಮ್ಯಾಲ ವಿಶೇಷ ತರಗತಿ ಅಂತ ಬರದು, ಕೆಳಗ ಈ ಊರ ಹೆಸರು ಬರದೆ. ಮುಖಪುಟದ ಮ್ಯಾಲ ಕಮಲಾಪುರ ಅಂತ ಅದ. ಅಂದ್ರ ನನ್ನ ಪುಸ್ತಕದಾಗೂ ಎರಡು ಊರು ಆದ್ವು. ಯಾರರೆ ಖೊಟ್ಟಿ ಅಂದ್ರ ಅನ್ನಲಿ.

"ಮೂವತ್ತೊಂದು. ಸೋನಿ ರಾಠೋಡ."

"ಹಾಜರ್‌ರೀ ಟೀಚರ್!" ಹೊಲಕ್ಕೆಲ್ಲ ಕೇಳೋ ಹಂಗ ಒದರಿದ್ಲು. ಅಲ್ಲಿ ಕಡೀಲಿಕತ್ತಿದ್ದವರು ನಿಂತು ನೋಡಿದ್ರು.

"ಮೂವತ್ತೆರಡು. ಹೀರಾ ತಿಲ್ಯಾಲ."

ಆಕಿ ನಕಾಶೆ ಮಡಚ್ಲಿಕತ್ತಿದ್ಲು. ಕೈ ಎತ್ತಲಿಲ್ಲ. ನಾ ಪೆನ್ನು ಹಿಡದು ಕೂತೆ. ಮತ್ತೊಮ್ಮೆ ಕರೀಲಿಲ್ಲ, ಆಕಿದು ಆಕಿಗೆ ಬಿಟ್ಟದ್ದು. ನಕಾಶೆ ಪೂರಾ ಮಡಚಿ, ನನ್ನ ಚೀಲದಾಗ ಇಟ್ಲು.

"ಹಾಜರ್, ಟೀಚರ್."

ಎರಡೂ ಹೆಸರಿನ ಮುಂದ ನೀಲಿ ಪೆನ್ನಿನಿಂದ ಹಾಕಿದೆ. ಮುಂದಿನ ರವಿವಾರ ಕರೀ ಹಲಗಿ ಒಂದು ತರಬೇಕು, ಸಣ್ಣದು, ಬಸ್ಸಿನಾಗ ಹಿಡಿಯೋವಂಥದು.